ಹಿಟ್ಟು ಕೂತ ಪರದೆ

ಗಿರಣಿಯ ಟಿವಿಗೆ ದನಿ ಇರಲಿಲ್ಲ. ಇದ್ದರೂ ಕಲ್ಲಿನ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ಪರದೆಯ ಮೇಲೆ ಸದಾ ಹಿಟ್ಟು ಕೂತಿರುತ್ತಿತ್ತು. ಒರೆಸಿದರೆ ಗೀರು ಬೀಳುತ್ತದೆಂದು ಗಿರಣಿಯವನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಹಿಟ್ಟಿನಾಚೆ ಓಡುವ ಕಾಲು, ಹಾರುವ ಚೆಂಡು ಕಂಡರೆ ಬೀಸಲು ಬಂದವರಿಗೆ ಅಷ್ಟೇ ಸಾಕಾಗಿತ್ತು.

ಗಿರಣಿಯವನ ಮಗಳು ಪಟ್ಟಣದ ಕ್ಲಬ್ಬಿನಲ್ಲಿ ಫುಟ್‌ಬಾಲ್ ಆಡುತ್ತಿದ್ದಳು. ಇನ್ನೊಂದು ವರ್ಷ ಆಡಲು ಬಾ ಎಂದು ಕ್ಲಬ್ಬಿನವರು ಕರೆದಿದ್ದರು. ಅಂದೇ ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ಅಪ್ಪನದು ಒಂದೇ ಮಾತು: "ನಾಲ್ಕು ಜನ ಮೆಚ್ಚೋ ಆಟ ಆದ್ರೆ ಹೋಗು. ಇಲ್ಲಾಂದ್ರೆ ಜರಡಿ ಹಿಡಿ." ಮನೆಯವರು ಯಾರೂ ಅವಳ ಆಟ ನೋಡಿರಲಿಲ್ಲ.

ಆ ದಿನ ಬೆಳಗ್ಗೆ ಅವಳು ತನ್ನ ಪಂದ್ಯವೊಂದಿದ್ದ ಪೆನ್‌ಡ್ರೈವ್ ಅನ್ನು ಟಿವಿಗೆ ಸಿಕ್ಕಿಸಿ, ಯಾರ ಆಟವೆಂದು ಹೇಳದೆ ಜರಡಿಯ ಬಳಿ ಕೂತಳು.

ಗೋಧಿ ತಂದಿದ್ದ ದರ್ಜಿ ಮೊದಲು ತಲೆಯೆತ್ತಿದ. "ಆ ಏಳನೇ ನಂಬರಿನೋನ್ನ ನೋಡ್ರೋ! ಕಾಲಲ್ಲೇ ಸೂಜಿಗೆ ದಾರ ಪೋಣಿಸ್ತಾನೆ."

"ಮೂರು ಜನರನ್ನ ಒಬ್ಬನೇ ದಾಟ್ಕೊಂಡು ಹೋದ," ಎಂದ ಲಾರಿ ಡ್ರೈವರ್. "ಬ್ರೇಕೇ ಇಲ್ಲದ ಗಾಡಿ."

ಚೀಲದ ಮೇಲೆ ಕೂತಿದ್ದ ಅವಳ ದೊಡ್ಡಪ್ಪ, ಸುಲಭಕ್ಕೆ ಯಾರನ್ನೂ ಹೊಗಳದವರು, ತೊಡೆ ತಟ್ಟಿದರು. "ಹೆತ್ತರೆ ಇಂಥ ಮಗನ್ನ ಹೆರ್ಬೇಕು ಕಣಪ್ಪ."

ಚೆಂಡು ಬಲೆಗೆ ಬಿತ್ತು. ಗಿರಣಿಯವನು ಹಿಂದೆಂದೂ ಮಾಡದ್ದನ್ನು ಮಾಡಿದ: ಅರ್ಧ ಬೀಸಿದ ಗೋಧಿಯನ್ನು ಕಲ್ಲಿನಲ್ಲೇ ಬಿಟ್ಟು ಮೋಟಾರ್ ನಿಲ್ಲಿಸಿದ. "ಯಾರಪ್ಪ ಈ ಪುಣ್ಯಾತ್ಮ? ಮಗಳೇ, ಒರೆಸು ಅದನ್ನ. ಮುಖ ಆದ್ರೂ ನೋಡೋಣ."

ಅವಳು ಬಟ್ಟೆ ಒದ್ದೆ ಮಾಡಿ ಪರದೆ ಒರೆಸಿದಳು. ಅದೇ ಗೋಲನ್ನು ಮತ್ತೆ ಹಾಕಿದಳು. ಮೊದಲು ಜಡೆ ಕಂಡಿತು, ಆಮೇಲೆ ಮುಖ.

"ನಾನೇ, ಅಪ್ಪ."

ದರ್ಜಿ ಕೆಮ್ಮಿದ. "ಅದೇ ಅಂದ್ಕೊಂಡೆ... ಓಟ ಸ್ವಲ್ಪ ನಿಧಾನ, ಅಲ್ವಾ?"

"ಎದುರಿಗಿರೋರೂ ಹೆಂಗಸ್ರೇ ತಾನೆ? ನನ್ನ ಲಾರೀನ ನ್ಯೂಟ್ರಲ್‌ನಲ್ಲಿ ಬಿಟ್ರೂ ಗೋಲು ಹೊಡೆಯುತ್ತೆ."

ಎಲ್ಲರೂ ನಕ್ಕರು.

"ದೊಡ್ಡಪ್ಪ, ಈಗ ತಾನೇ ನೀವೇ ಅಂದ್ರಲ್ಲ?"

"ಹಿಟ್ಟಲ್ಲಿ ಸರಿಯಾಗಿ ಕಾಣ್ಲಿಲ್ಲ ಕಣಮ್ಮ. ಈಗ ಕಾಣ್ತಾ ಇದೆ."

ಅವಳು ಅಪ್ಪನತ್ತ ತಿರುಗಿದಳು. ಅವನು ತಿರುಗದೆ ನಿಂತಿದ್ದ ಬೀಸುಕಲ್ಲನ್ನೇ ನೋಡುತ್ತಿದ್ದ.

"ನಾಲ್ಕು ಜನ ಹೇಳಿದ್ದು ಕೇಳಿದ್ಯಲ್ಲ," ಎಂದ.

"ಹೇಳಿದ್ದು ಮೂರು ಜನ. ನಾಲ್ಕನೆಯವನು ನೀನು."

"ಬರಲ್ಲ ಅಂತ ಫೋನ್ ಮಾಡಿ ಬಾ. ಗೋಧಿ ಸಿಕ್ಕೊಂಡಿದೆ, ಕೆದಕ್ಬೇಕು."

ಅವಳು ಹೊರಗೆ ಹೋಗಿ ಫೋನ್ ಮಾಡಿ ಬಂದು, ಕಲ್ಲಿನ ಸಂದಿಯ ಗೋಧಿ ಕೆದಕಿದಳು.

ಮಧ್ಯಾಹ್ನದ ಹೊತ್ತಿಗೆ ಪರದೆ ಮತ್ತೆ ಬೆಳ್ಳಗಾಗಿತ್ತು. ಪೆನ್‌ಡ್ರೈವ್ ಯಾರೂ ತೆಗೆದಿರಲಿಲ್ಲ. ಪಂದ್ಯ ತನ್ನಷ್ಟಕ್ಕೆ ಮೊದಲಿಂದ ಓಡುತ್ತಿತ್ತು. ಚೀಲ ಇಳಿಸಿದ ಬಡಗಿ ಕತ್ತೆತ್ತಿ ನೋಡಿ ಕೂಗಿದ: "ಯಾರ್ರೀ ಆ ಏಳನೇ ನಂಬರು? ಭಲೇ ಹುಡುಗ!"

ಗಿರಣಿಯವನು ಪರದೆ ನೋಡಿದ. ಜರಡಿ ಆಡಿಸುತ್ತಿದ್ದ ಮಗಳ ಕೈ ಒಂದು ಗಳಿಗೆ ನಿಂತಿತು.

"ಹೂಂ," ಎಂದ, ಹೆಮ್ಮೆಯಿಂದಲೇ. "ಭಲೇ ಹುಡುಗ."