ಇಣುಕಿಯ ಸಂದರ್ಶನ

ನಮ್ಮ ಲ್ಯಾಬಿನಲ್ಲಿ ಅವಳಿಗೆ ಇಣುಕಿ ಎಂದೇ ಹೆಸರು. ಮೈಕ್ರೋಸ್ಕೋಪಿನ ಮುಂದೆ ಕೂತರೆ ಊಟದ ಹೊತ್ತಿಗೂ ಏಳುವವಳಲ್ಲ. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಅಪ್ಪ ಇಲ್ಲ, ಅಮ್ಮ ಹೊಲಿಗೆ ಕೆಲಸದವರು. ಇಂಥ ಮನೆಗಳ ಡಿಗ್ರಿ ಮಕ್ಕಳನ್ನು ಆರಿಸಿ, ವೈದ್ಯಕೀಯ ಸಂಶೋಧನೆಯ ಪಿಎಚ್‌ಡಿಗೆ ತಯಾರು ಮಾಡುವುದು ನನ್ನ ಕೆಲಸ. ಪ್ರಯೋಗ ಕಲಿಸುತ್ತೇನೆ, ಬರೆಯುವುದನ್ನು ಕಲಿಸುತ್ತೇನೆ, ಕೊನೆಗೆ ಸಂದರ್ಶನದಲ್ಲಿ ಬಾಯಿ ಬಿಡುವುದನ್ನೂ ಕಲಿಸುತ್ತೇನೆ. ದೊಡ್ಡವರ ಮುಂದೆ ಕೈಕಟ್ಟಿ ನಿಂತು ಬೆಳೆದ ಮಕ್ಕಳು. ಈ ಕೊನೆಯದಕ್ಕೇ ನಾನು ಹೆಚ್ಚು ಗಂಟಲು ಹರಿದುಕೊಳ್ಳಬೇಕು.

ಸಂದರ್ಶನದಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಈ ದಾರಿಗೆ ಯಾಕೆ ಬಂದೆ? ನಮ್ಮ ಮಕ್ಕಳ ಬಾಯಿಂದ ಆಯ್ಕೆ ಸಮಿತಿಯವರು ಕಾಯುವುದು ಮನೆಯ ಕಷ್ಟದ ಕತೆಗೆ. ನನಗಿದು ಹಿಡಿಸುವುದಿಲ್ಲ. ಹಾಗಂತ, ಅವರು ಕಾಯುವುದು ಅದಕ್ಕೇ ಎಂದು ಗೊತ್ತಿದ್ದೂ ಸುಮ್ಮನಿರಲು ನಾನೇನು ಸನ್ಯಾಸಿಯಲ್ಲ, ಸೀಟು ಸಿಗಬೇಕಲ್ಲ. ಇಣುಕಿಯ ಅಮ್ಮನ ಮೂತ್ರಪಿಂಡಗಳು ಕೆಟ್ಟಿದ್ದವು. ನಮ್ಮ ಕಟ್ಟಡದ ಎದುರಿನ ಆಸ್ಪತ್ರೆಗೇ ಡಯಾಲಿಸಿಸ್‌ಗೆ ಬರುತ್ತಿದ್ದರು. ಇಣುಕಿ ಕೆಲಸ ಮಾಡುತ್ತಿದ್ದುದೂ ಮೂತ್ರಪಿಂಡದ ಜೀವಕೋಶಗಳ ಮೇಲೆ. ಇದಕ್ಕಿಂತ ಇನ್ನೇನು ಬೇಕು?

"ಅಮ್ಮನ ವಿಷಯದಿಂದಲೇ ಶುರು ಮಾಡು," ಎಂದೆ, ಅಭ್ಯಾಸಕ್ಕೆಂದು ನಾನೇ ಸಮಿತಿಯಾಗಿ ಕೂತು.

"ಅದು ನಿಜ ಅಲ್ವಲ್ಲ ಮೇಡಂ. ನಾನು ಲ್ಯಾಬಿಗೆ ಸೇರಿದಾಗ ಅಮ್ಮ ಚೆನ್ನಾಗೇ ಇದ್ರು. ಒಂದು ಕೋಶ ಎರಡಾಗೋದನ್ನ ನೋಡಿದೆ, ಹುಚ್ಚು ಹಿಡೀತು. ಅಷ್ಟೇ."

"ಹುಚ್ಚಿಗೆ ಯಾರೂ ಸೀಟು ಕೊಡಲ್ಲ ಕಣೇ."

ಅವಳು ತಲೆ ತಗ್ಗಿಸಿದಳು. ಒಪ್ಪಿದಳೆಂದೇ ತಿಳಿದೆ.

ಅಮ್ಮನನ್ನೂ ಒಂದು ಮಾತು ಕೇಳೋಣವೆಂದು ಮನೆಗೆ ಹೋದೆ. ಆಕೆ ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದರು.

"ಹೇಳ್ಲಿ ಬಿಡಿ ಮೇಡಂ," ಎಂದರು. "ಈ ಕಾಯಿಲೆಯಿಂದ ಮನೆಗೆ ಇಲ್ಲಿತನಕ ಏನೂ ಬಂದಿಲ್ಲ. ಒಂದು ಸೀಟಾದ್ರೂ ಬರ್ಲಿ."

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಆಕೆ ತಲೆ ಎತ್ತಲಿಲ್ಲ, ನೂಲು ಕೀಳುತ್ತಲೇ ಇದ್ದರು.

ಸಂದರ್ಶನ ನಡೆದದ್ದು ನನ್ನ ಕೋಣೆಯಲ್ಲೇ, ಕಂಪ್ಯೂಟರಿನ ಮುಂದೆ. ನಾನು ಹೊರಗೆ ಕಾರಿಡಾರಿನಲ್ಲಿ ಶತಪಥ ಹಾಕುತ್ತಿದ್ದೆ. ಬಾಗಿಲು ತೆರೆದು ಬಂದವಳ ಮುಖ ನೋಡಿಯೇ ಗೊತ್ತಾಯಿತು.

"ಹೇಳ್ಲಿಲ್ಲ ಅಲ್ವಾ?"

"ಬಾಯಿಗೆ ಬರ್ಲಿಲ್ಲ ಮೇಡಂ. ನೋಡೋಕೆ ಇಷ್ಟ, ಅದಕ್ಕೇ ಬಂದೆ ಅಂದೆ. ಏನು ನೋಡೋಕೆ ಅಂತ ಕೇಳಿದ್ರು. ಎರಡಾಗೋ ಮುಂಚೆ ಕೋಶ ತಟ್ಟೆಯ ತಳ ಬಿಟ್ಟು ಉಂಡೆ ಆಗುತ್ತಲ್ಲ, ಅದನ್ನ ಹೇಳ್ತಾ ಹೋದೆ. ಹೊತ್ತು ಮುಗೀತು ಅಂದ್ರು."

ಮೈಯೆಲ್ಲ ಉರಿದುಹೋಯಿತು. ವರ್ಷವಿಡೀ ಪಟ್ಟ ಪಾಡೆಲ್ಲ ನೀರುಪಾಲು ಎನಿಸಿತು. "ಹೋಗು, ಊಟ ಮಾಡು" ಎಂದಷ್ಟೇ ಹೇಳಿದೆ. ಇನ್ನೊಂದು ಮಾತು ಆಡಿದ್ದರೆ ಬೈದೇಬಿಡುತ್ತಿದ್ದೆ.

ಆದರೆ ಸೀಟು ಸಿಕ್ಕಿತು. ಸುದ್ದಿ ಬಂದ ಮಧ್ಯಾಹ್ನ ಅಮ್ಮ ಎದುರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದ್ದರು. ನಾವಿಬ್ಬರೂ ರಸ್ತೆ ದಾಟಿ ಓಡಿದೆವು. ನನ್ನ ವಯಸ್ಸಿಗೆ ಓಟ ಎನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಸುದ್ದಿ ಕೇಳಿದ ಅಮ್ಮ, ಸೂಜಿ ಚುಚ್ಚದ ಕೈಯಿಂದ ಮಗಳ ಕೆನ್ನೆ ಸವರಿದರು.

"ನರ್ಸಮ್ಮನಿಗೂ ಹೇಳಿ ಬಾ. ಬಂದಾಗೆಲ್ಲ ಕೇಳ್ತಿರ್ತಾರೆ."

ಇಣುಕಿ ಅತ್ತ ಹೋದದ್ದೇ ತಡ, ನನ್ನ ಕಡೆ ತಿರುಗಿದರು.

"ನನ್ನ ಕಾಯಿಲೆ ಹೇಳಿ ತಗೊಂಡ್ಲಾ ಮೇಡಂ?"

ತಮ್ಮಿಂದ ಉಪಕಾರವಾಯಿತೇ ಎಂದು ಆಸೆಯಿಂದ ಕೇಳುತ್ತಿದ್ದಾರೆ ಅಂದುಕೊಂಡೆ. ಹೇಳಲು ಮುಜುಗರವಾಯಿತು.

"ಇಲ್ಲಮ್ಮ. ನಿಮ್ಮ ಮಾತೇ ಎತ್ತಲಿಲ್ಲ. ಅವಳಿಗೆ ಕೋಶಗಳನ್ನ ನೋಡೋ ಹುಚ್ಚಂತೆ. ನೀವು ಚೆನ್ನಾಗಿದ್ದಾಗಲೇ ಹಿಡಿದಿದ್ದಂತೆ."

ಆಕೆ ಕಣ್ಣು ಮುಚ್ಚಿ ದಿಂಬಿಗೆ ಒರಗಿದರು. ಆ ಮುಖದಲ್ಲಿ ಅಷ್ಟೊಂದು ನಿರಾಳವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಸದ್ಯ," ಎಂದರು. "ನನಗೋಸ್ಕರ ಓದ್ತಿದ್ದಾಳೇನೋ ಅಂತ ಹೆದರಿದ್ದೆ. ಹಾಗಿದ್ದಿದ್ರೆ, ನಾನು ಹೋದ ದಿನ ಓದೂ ಬಿಟ್ಟುಬಿಡ್ತಿದ್ಲು."