ಮುಚ್ಚಿದ ಗಡಿಗೆ, ಕೆಂಪು ಕಂಡಿಕೆ

ಇಳಕಲ್ಲಿನ ನೇಕಾರ ಅಂದಾನಪ್ಪನಿಗೆ ತನ್ನ ಮಾತೇ ಊರ ಮಾತು ಎಂಬ ನಂಬಿಕೆ. ನಂಬದೆ ಏನು ಮಾಡಿಯಾನು? ಬೆಳಗಾದರೆ ಚಾದಂಗಡಿಯ ಕಟ್ಟೆ ಹತ್ತುತ್ತಿದ್ದ, ಸುತ್ತಲಿನವರಿಗೆಲ್ಲ ಚಾ ಹೇಳುತ್ತಿದ್ದ, ಆಡಿದ್ದಕ್ಕೆಲ್ಲ “ಹೌದ್ರಿ, ಖರೇರಿ” ಅನ್ನಿಸಿಕೊಂಡು ಮನೆಗೆ ಬರುತ್ತಿದ್ದ.

ಎಪ್ಪತ್ತೆಂಟನೆಯ ಇಸವಿಯಲ್ಲಿ ಮಗಳು ಬನಶಂಕರಿ ನೇಕಾರರ ಸಂಘದ ಸದಸ್ಯತ್ವ ಬೇಡಿದಳು. ಸಿಕ್ಕರೆ ತನ್ನದೇ ಹೆಸರಿನ ಮಗ್ಗ. ಸಿಗದಿದ್ದರೆ ಜೀವಮಾನವೆಲ್ಲ ಅಪ್ಪನ ಮಗ್ಗದ ಲಾಳಿಯೊಳಗಿನ ಪುಟ್ಟ ಕೊಳವೆಗೆ, ಕಂಡಿಕೆಗೆ, ನೂಲು ಸುತ್ತುವುದು.

“ಹೆಣ್ಣಮಕ್ಕಳು ಮಗ್ಗದ ಕುಣಿಗೆ ಇಳಿದು ನೇಯೂದು ಯಾರಿಗೆ ಸೇರತೈತಿ?” ಅಂದ ಅಂದಾನಪ್ಪ. “ ನಂದೊಂದ ಮಾತಲ್ಲವ್ವಾ, ಊರೆಲ್ಲಾ ಹಂಗ ಅಂತೈತಿ.”

“ಊರೆಲ್ಲಾ ಅಂದ್ರ ಚಾದಂಗಡಿ ಏನಪ್ಪಾ?” ಅಂದಳು ಬನಶಂಕರಿ.

ಅಂದಾನಪ್ಪನ ಕಣ್ಣು ಮಂಜಾದಾಗಿನಿಂದ ಸೀರೆಯ ಒಡಲಿಗೆ ಸೆರಗನ್ನು ಎಳೆಗೆಳೆ ಕೊಂಡಿ ಹಾಕಿ ಕೂಡಿಸುವವಳು ಅವಳೇ. ಹುನಗುಂದದ ವ್ಯಾಪಾರಿಗಳು ಆ ಕೂಡಿಕೆಯನ್ನು ಹೊಗಳಿದಾಗ ಮಾತ್ರ ಅವನು ಯಾರ ಕೈಯದೆಂದು ಹೇಳದೆ ಮೀಸೆ ತಿರುವುತ್ತಿದ್ದ.

ಸಂಘದಲ್ಲಿ ಕೈ ಎತ್ತುವ ರೂಢಿ ಇರಲಿಲ್ಲ; ಹಿರಿಯರ ಮುಖ ನೋಡಿಕೊಂಡು ಕೈಗಳು ಏಳುತ್ತವೆ ಎಂದು. ಬಟ್ಟೆ ಮುಚ್ಚಿದ ಗಡಿಗೆಯೊಳಗೆ ಒಬ್ಬೊಬ್ಬರೂ ಕಂಡಿಕೆ ಹಾಕಬೇಕು. ಒಪ್ಪಿದರೆ ಕೆಂಪು ನೂಲಿನದು, ಒಲ್ಲೆನೆಂದರೆ ಕಪ್ಪು. ಬನಶಂಕರಿಯ ಅರ್ಜಿ ಸಭೆಗೆ ಬಂದ ದಿನ ಅಂದಾನಪ್ಪ ಎಲ್ಲರಿಗಿಂತ ಮೊದಲೆದ್ದು ಕಪ್ಪು ಹಾಕಿ, ಎದೆ ಸೆಟೆಸಿ ಕುಳಿತ.

ಅಧ್ಯಕ್ಷ ಸಂಗಯ್ಯ ಗಡಿಗೆ ಬೋರಲು ಹಾಕಿದ. ಜಮಖಾನೆಯ ತುಂಬ ಕೆಂಪು ಉರುಳಾಡಿತು. ನಡುವೆ ಒಂದೇ ಒಂದು ಕಪ್ಪು. ಯಾರದೆಂದು ಯಾರೂ ಕೇಳಲಿಲ್ಲ.

ಅಂದಾನಪ್ಪ ಪಕ್ಕದ ಮನೆಯ ನೇಕಾರನತ್ತ ತಿರುಗಿದ. “ಲೇ ರಾಜಮಹ್ಮದ, ದಿನಾ ಹೌದ್ರಿ ಅಂತಿದ್ದೆಲ್ಲೋ!”

“ಚಾ ನಿಮ್ಮದು, ಹಿರೇತನ ನಿಮ್ಮದು. ಬಾಯಾಗ ನಿಮ್ಮ ಚಾ ಇಟಗೊಂಡು ಇಲ್ಲ ಅನ್ನೂದು ಹೆಂಗ್ರಿ ಕಾಕಾ?” ಎಂದ ರಾಜಮಹ್ಮದ. “ನಿಮ್ಮನಿ ಸೆರಗು ಯಾರ ಕೈದು ಅನ್ನೂದು ನಮಗ ಗೊತ್ತಿಲ್ಲೇನು? ನನ್ನ ಮಗಳು ಮಲಿಕಾ ಲಗ್ನಕ್ಕ ಬನಶಂಕರಿ ಕೈದ ಸೀರೀನ ಬೇಕಂತ ಹಟ ಹಿಡದಾಳ.”

ಅಂದಾನಪ್ಪನ ಕಿವಿ ಬಿಸಿಯಾದವು. ಆದರೆ ಎದೆ ಉಬ್ಬಿತು, ತನ್ನ ಕೈಯನ್ನು ಹೊಗಳಿದಾಗ ಎಂದೂ ಉಬ್ಬದಷ್ಟು. ಎದ್ದು ಹೋಗಿ ಕಪ್ಪು ಕಂಡಿಕೆಯನ್ನು ಕಿಸೆಗೆ ಹಾಕಿಕೊಂಡ. ತನ್ನಲ್ಲಿ ಉಳಿದಿದ್ದ ಕೆಂಪನ್ನು ರಾಶಿಗೆ ಸೇರಿಸಿದ.

“ಎಣಿಕಿ ಮುಗದೈತ್ರಿ ಅಂದಾನಪ್ಪಾ,” ಎಂದು ಸಂಗಯ್ಯ ನಕ್ಕ.

“ಮುಗೀಲಿ ಬಿಡ್ರಿ. ಆ ಕೈಗೆ ಕೊಂಡಿ ಕಲಿಸಿದಾಂವ ನಾನು. ನನ್ನನ್ನ ಮೀರಿಸ್ಯಾಳ. ಬರಕೋರಿ, ಬನಶಂಕರಿ, ನೇಕಾರ್ತಿ.”

ಮರುದಿನ ಚಾದಂಗಡಿಯ ಕಟ್ಟೆಯ ಮೇಲೆ ಅಂದಾನಪ್ಪನ ದನಿ ಬೀದಿಗೆಲ್ಲ ಕೇಳುತ್ತಿತ್ತು. “ಹೆಣ್ಣಮಕ್ಕಳು ನೇದರ ಸೀರೀಗೊಂದು ಕಳಾ ಬರತೈತಿ ನೋಡ್ರಿ. ನಂದೊಂದ ಮಾತಲ್ಲ, ಊರೆಲ್ಲಾ ಹಂಗ ಅಂತೈತಿ. ಏನಂತಿ ರಾಜಮಹ್ಮದ?”

“ಮೊದಲ ಚಾ ಹೇಳ್ರಿ ಕಾಕಾ.”