ಜೋಂಗಾ ಕೆಟ್ಟು ನಿಂತ ನಲವತ್ತು ನಿಮಿಷ

೧

ಈ ಕಥೆಯನ್ನು ಗಾಡಿಯಿಂದ ಶುರು ಮಾಡಬೇಕೋ ಗಾಡಿಯ ಯಜಮಾನನಿಂದಲೋ ಎಂದು ಎರಡು ವಾರ ಯೋಚಿಸಿದೆ. ಗಾಡಿಯಿಂದ ಶುರು ಮಾಡಿದರೆ ನೀವು ಇದನ್ನು ಲೇಖನ ಅಂದುಕೊಳ್ಳುತ್ತೀರಿ. ನಿಜಕ್ಕೂ ಇದು ಲೇಖನವೇ ಆಗಬೇಕಿತ್ತು. ೨೦೦೮ರಲ್ಲಿ ಒಂದು ಪತ್ರಿಕೆಯವರು, ಮಿಲಿಟರಿ ಹರಾಜಿನಲ್ಲಿ ಕೊಂಡ ಜೀಪುಗಳ ಬಗ್ಗೆ ಮಾಲೀಕರು ಏನನ್ನುತ್ತಾರೆ ಎಂದು ಒಂದು ಪುಟ ಬರೆದುಕೊಡಲು ಕೇಳಿದ್ದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಂಥವು ಆಗ ಕೆಲವು ಓಡಾಡುತ್ತಿದ್ದವು. ಅದರಲ್ಲೂ ಜೋಂಗಾ: ಸೈನ್ಯಕ್ಕೆಂದೇ ಕಟ್ಟಿದ, ಆರು ಸಿಲಿಂಡರಿನ, ಎಮ್ಮೆಯಂಥ ಮೈಯ ಗಾಡಿ. (ಎಮ್ಮೆ ಎಂದದ್ದಕ್ಕೆ ಒಬ್ಬ ಮಾಲೀಕರು ಮುಖ ಗಂಟಿಕ್ಕಿಕೊಂಡರು. ಆನೆ ಎಂದು ಓದಿಕೊಳ್ಳಿ.)

ಕೊಪ್ಪದ ಅಡಿಕೆ ವ್ಯಾಪಾರಿ ಪರಮೇಶ್ವರಪ್ಪ, ಅದು ಪೆಟ್ರೋಲ್ ಕುಡಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಆದರೆ ಎಂಥ ಕೆಸರಿನಲ್ಲೂ ಕೈಬಿಟ್ಟಿಲ್ಲ ಎಂದರು. ಗ್ಯಾರೇಜಿನ ಮಹಮ್ಮದ್ ಶಫಿ ತಾವು ಮೂರು ಜೋಂಗಾಗಳಿಗೆ ಡೀಸೆಲ್ ಎಂಜಿನ್ ಕೂರಿಸಿದ್ದಾಗಿಯೂ, ನಾಲ್ಕನೆಯದರ ಯಜಮಾನರು ಮಾತ್ರ ಮೂಲ ಎಂಜಿನ್ನಿನ ಒಂದು ಬೋಲ್ಟನ್ನೂ ಬದಲಿಸಲು ಬಿಡುವುದಿಲ್ಲವೆಂದೂ ಹೇಳಿದರು.

"ನಾರ್ವೆಯ ಸೀತಾರಾಮ ಅಂತ. ಮಿಲಿಟರೀಲಿ ಡ್ರೈವರ್ ಆಗಿದ್ದವರು. ಕೇಳಿ ನೋಡಿ ಸಾರ್. ಆದ್ರೆ ಅವರು ಬಾಯಿ ಬಿಡ್ತಾರೆ ಅಂತ ನನಗೆ ಅನ್ಸಲ್ಲ."

ಬಿಟ್ಟರು. ಹಾಗಾಗಿ ಲೇಖನ ಕೆಟ್ಟುಹೋಯಿತು.

೨

(ಎದುರಿಗೆ ನಾನು ಅವರನ್ನು ಸೀತಾರಾಮಣ್ಣ ಎನ್ನುತ್ತೇನೆ. ಕಥೆಯಲ್ಲಿ ಏಕವಚನಕ್ಕೆ ಇಳಿಯುತ್ತಿದ್ದೇನೆ. ಬಹುವಚನ ಹಾಕಿದರೆ ಮನುಷ್ಯ ದೂರ ಹೋಗಿ ಕೂರುತ್ತಾನೆ. ಮುಂದೆ ಬರುವ ಅನ್ನಮ್ಮನವರ ವಿಷಯದಲ್ಲಿ ಮಾತ್ರ ನನಗೆ ಆ ಧೈರ್ಯ ಬರಲಿಲ್ಲ.)

೧೯೯೮ರಲ್ಲಿ ಸೀತಾರಾಮ ಗಡಿಯ ಒಂದು ಬೆಟ್ಟದ ಠಾಣೆಯಲ್ಲಿ ಜೋಂಗಾ ಓಡಿಸುತ್ತಿದ್ದ. ಅಲ್ಲೇ ಸಿಪಾಯಿಯಾಗಿದ್ದ ಸಜಿ ನರಸಿಂಹರಾಜಪುರದ ಹುಡುಗ, ಇಪ್ಪತ್ತಾರು ವರ್ಷ, ಮನೆಮಾತು ಮಲೆಯಾಳ. ಊರಿನಲ್ಲಿದ್ದರೆ ಇಬ್ಬರಿಗೂ ಪರಿಚಯವೇ ಆಗುತ್ತಿರಲಿಲ್ಲವೇನೋ. ಅಲ್ಲಿ ಮಾತ್ರ ನಾರ್ವೆಗೂ ನರಸಿಂಹರಾಜಪುರಕ್ಕೂ ನಡುವಿನ ದೂರ ಒಂದೇ ಕೇರಿಯಷ್ಟಾಯಿತು. ಸಜಿ ಅವನನ್ನು ಅಣ್ಣ ಎನ್ನುತ್ತಿದ್ದ. ತನ್ನ ತಾಯಿ ಬಸ್ ಸ್ಟ್ಯಾಂಡಿನ ಹತ್ತಿರ ನಡೆಸುವ ಹೋಟೆಲಿನ ಮರಗೆಣಸು, ಮೀನುಸಾರಿನ ಬಗ್ಗೆ ಚಳಿಯಲ್ಲಿ ಕೂತು ಗಂಟೆಗಟ್ಟಲೆ ಹೇಳುತ್ತಿದ್ದ.

ಒಂದು ಬೆಳಿಗ್ಗೆ ಶೆಲ್ಲಿನ ಚೂರು ಸಜಿಯ ಹೊಟ್ಟೆಗೆ ಬಿತ್ತು. ಆಸ್ಪತ್ರೆ ಹನ್ನೆರಡು ಕಿಲೋಮೀಟರು ಕೆಳಗೆ. ಅವನನ್ನು ಜೋಂಗಾದ ಹಿಂಬದಿಯಲ್ಲಿ ಮಲಗಿಸಿಕೊಂಡು ಸೀತಾರಾಮ ಒಬ್ಬನೇ ಹೊರಟ. ತಲುಪಬೇಕಾದ ಹೊತ್ತಿಗಿಂತ ನಲವತ್ತು ನಿಮಿಷ ತಡವಾಗಿ ತಲುಪಿದ. ಸಜಿ ಬದುಕಲಿಲ್ಲ. ಅರ್ಧ ಗಂಟೆ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು.

ಎಂಜಿನ್ನಿಗೆ ಪೆಟ್ರೋಲ್ ಎತ್ತುವ ಪಂಪು ಕೈಕೊಟ್ಟು ಗಾಡಿ ನಿಂತಿತ್ತು ಎಂದು ಸೀತಾರಾಮ ಹೇಳಿಕೆ ಬರೆದುಕೊಟ್ಟ. ಆ ಚಳಿಯಲ್ಲಿ ದಿನಕ್ಕೊಂದು ಯಂತ್ರ ಕೆಡುತ್ತಿತ್ತು. ಯಾರೂ ಅನುಮಾನಪಡಲಿಲ್ಲ. ರಜೆಯ ಮೇಲೆ ಬಂದಾಗ ಸಜಿಯ ತಾಯಿ ಅನ್ನಮ್ಮನವರಿಗೂ ಅದನ್ನೇ ಹೇಳಿದ. ಅವರು ಅಳು ನಿಲ್ಲಿಸಿ, ಯಾವ ಗಾಡಿ ಎಂದು ಮಾತ್ರ ಕೇಳಿದರು.

"ಜೋಂಗಾ, ಅಮ್ಮಚ್ಚಿ," ಎಂದ. ಸಜಿ ಅವರನ್ನು ಕರೆಯುತ್ತಿದ್ದದ್ದು ಹಾಗೆ.

೩

೨೦೦೧ರಲ್ಲಿ ಸೈನ್ಯ ಬಿಟ್ಟು ಬಂದ ಸೀತಾರಾಮ ಹರಾಜಿನಲ್ಲಿ ಒಂದು ಜೋಂಗಾ ಕೊಂಡ. ಮಿಲಿಟರಿ ಹಸಿರನ್ನು ಊರವರು ಇಟ್ಟುಕೊಳ್ಳುವಂತಿಲ್ಲ, ಬಿಳಿ ಬಳಿಸಿದ. ಲೋಕದಲ್ಲಿ ಬೇರೆ ಗಾಡಿಯೇ ಇರಲಿಲ್ಲವಾ ಎಂದು ಹೆಂಡತಿ ಶಾಂತಕ್ಕ ಕೇಳಿದ್ದಕ್ಕೆ, ಇದರ ಗುಣ ನನಗೆ ಗೊತ್ತು ಎಂದನಂತೆ.

(ಇಲ್ಲಿ ನಾನೊಂದು ತಪ್ಪು ಮಾಡಿದೆ. ಮೊದಲ ಕರಡಿನಲ್ಲಿ, ಅವನು ಕೊಂಡದ್ದು ಅದೇ ಗಾಡಿ, ಸಜಿಯನ್ನು ಹೊತ್ತಿದ್ದ ಗಾಡಿಯೇ ಎಂದು ಬರೆದೆ. ಓದಿ ಹೇಳಿದೆ. "ಅದಲ್ಲ ಮಾರಾಯ್ರೆ. ಅದು ಎಲ್ಲಿ ಹೋಯ್ತೋ ಯಾರಿಗೆ ಗೊತ್ತು," ಎಂದರು ಸೀತಾರಾಮಣ್ಣ. ಕಥೆಗೆ ಚೆಂದ ಎಂದು ವಾದಿಸಿದೆ. "ಚೆಂದಕ್ಕೆ ಒಂದು ಸುಳ್ಳು ನಾನೇ ಹೇಳಿ ಆಗಿದೆ," ಎಂದರು. ಹಾಳೆ ಹರಿದೆ.)

ಪ್ರತಿ ತಿಂಗಳ ಎರಡನೇ ಭಾನುವಾರ ಅವನು ಜೋಂಗಾ ತೆಗೆದುಕೊಂಡು ನರಸಿಂಹರಾಜಪುರದ ಆ ಹೋಟೆಲಿಗೆ ಹೋಗುತ್ತಿದ್ದ. ಅನ್ನಮ್ಮನವರ ಮಗಳು ಅವನನ್ನು ಒಳಗೆ ಅಡುಗೆಮನೆಯಲ್ಲಿ, ಮನೆಯವರ ಜಾಗದಲ್ಲಿ ಕೂರಿಸಿ ಬಡಿಸುತ್ತಿದ್ದಳು. ಅನ್ನಮ್ಮನವರು ಅವನೊಡನೆ ಊರಿನ ಮಾತೆಲ್ಲ ಆಡುತ್ತಿದ್ದರು. ಹೊರಗೆ ಬಂದು ಗಾಡಿಯನ್ನು ಮಾತ್ರ ನೋಡುತ್ತಿರಲಿಲ್ಲ. ಮಗನನ್ನು ತಿಂದ ಗಾಡಿಯ ಜಾತಿಯದು, ಅದಕ್ಕೇ ಎಂದು ಎಲ್ಲರೂ ತಿಳಿದಿದ್ದರು.

ಆದರೆ ಆ ಹೋಟೆಲಿಗೆ ಊಟಕ್ಕೆ ಬರುತ್ತಿದ್ದವರು ಬಹುಪಾಲು ಡ್ರೈವರುಗಳು. ಯಾವ ಗಾಡಿ ಯಾವಾಗ ಯಾಕೆ ಕೆಡುತ್ತದೆ ಎಂಬುದನ್ನು ಬಡಿಸುತ್ತಾ ಬಡಿಸುತ್ತಾ ಅನ್ನಮ್ಮನವರು ವರ್ಷಗಟ್ಟಲೆ ಕೇಳಿದ್ದರು. ಕಣ್ಣಿಂದ ನೋಡದಿದ್ದರೂ, ಹೊರಗೆ ಬಂದು ನಿಲ್ಲುವ ಜೋಂಗಾದ ಸದ್ದಿಗೆ ಅವರ ಕಿವಿ ಇತ್ತು.

೫

(ನಾಲ್ಕನೆಯ ಭಾಗದಲ್ಲಿ ಯುದ್ಧದ ಬಗ್ಗೆ ನನ್ನ ವಿಚಾರಗಳಿದ್ದವು. ನಿಮಗೆ ನಷ್ಟವಿಲ್ಲ.)

೨೦೦೭ರ ಜನವರಿಯಲ್ಲಿ ಒಂದು ಭಾನುವಾರ, ಊಟ ಮುಗಿಸಿ ಸೀತಾರಾಮ ಹೊರಗೆ ಬಂದಾಗ ಅನ್ನಮ್ಮನವರು ಜೋಂಗಾದ ಹಿಂಬದಿಯ ಉದ್ದ ಸೀಟಿನಲ್ಲಿ ಕೂತಿದ್ದರು. ಮುಂದೆ ಬನ್ನಿ ಎಂದರೆ ಬರಲಿಲ್ಲ. ಅವತ್ತಿನಂಥ ಒಂದು ಬೆಟ್ಟದ ರಸ್ತೆಗೆ ಕರೆದುಕೊಂಡು ಹೋಗು ಎಂದರು.

ಅವನು ಗಾಡಿ ಹೊರಡಿಸಿದ. ಕೊಪ್ಪ ದಾಟಿ, ಶೃಂಗೇರಿ ದಾಟಿ, ಬೇಗಾರಿನ ಹತ್ತಿರ ಕಾಡಿನೊಳಕ್ಕೆ ಏರುವ ಕಲ್ಲು ರಸ್ತೆಗೆ ತಿರುಗಿಸಿದ. ಗಾಡಿ ಉಸಿರು ಕಟ್ಟದೆ ಹತ್ತಿತು. ಅರ್ಧ ಏರಿದ ಮೇಲೆ ಹಿಂದಿನಿಂದ ತಗಡು ಬಡಿದ ಸದ್ದು ಕೇಳಿತು. ನಿಲ್ಲಿಸಿದ. ಎಂಜಿನ್ ಬಂದ್ ಮಾಡು ಎಂದರು. ಮಾಡಿದ. ಈಗ ಸ್ಟಾರ್ಟ್ ಮಾಡು ಎಂದರು. ಒಂದೇ ಸಲಕ್ಕೆ ಆಯಿತು. ಮತ್ತೆ ಬಂದ್ ಮಾಡಿಸಿದರು, ಮತ್ತೆ ಸ್ಟಾರ್ಟ್ ಮಾಡಿಸಿದರು. ಮೂರನೆಯ ಸಲ ಅವನು ಕೀ ತಿರುಗಿಸಲಿಲ್ಲ.

"ಆರು ವರ್ಷ ಆಯ್ತು ಸೀತಾರಾಮ," ಎಂದರು ಅನ್ನಮ್ಮನವರು. "ಒಂದು ಭಾನುವಾರನೂ ನೀನು ತಪ್ಪಿಸ್ಲಿಲ್ಲ. ಒಂದು ದಿನನೂ ಇದು ಕೆಡಲಿಲ್ಲ. ಅವತ್ತು ಎಂತ ಆಗಿತ್ತು?"

"ಗಾಡಿ ಕೆಟ್ಟಿರ್ಲಿಲ್ಲ ಅಮ್ಮಚ್ಚಿ. ನಾನೇ ಬಂದ್ ಮಾಡ್ದೆ. ಹೆದರಿಕೆ ಆಯ್ತು."

ಉಳಿದದ್ದನ್ನು ಅವನು ಸ್ಟೇರಿಂಗ್ ನೋಡುತ್ತಲೇ ಹೇಳಿದ. ಮುಂದಿನ ತಿರುವಿನಲ್ಲಿ ಶೆಲ್ ಬೀಳುತ್ತಿದ್ದವು. ರಸ್ತೆಯ ಪಕ್ಕ ಬಂಡೆಯೊಂದು ಚಾಚಿಕೊಂಡಿತ್ತು. ಅದರಡಿಗೆ ಗಾಡಿ ನುಗ್ಗಿಸಿ ನಿಲ್ಲಿಸಿದ. ಒಂದೆರಡು ನಿಮಿಷ ಅಂದುಕೊಂಡ. ಸದ್ದು ನಿಂತ ಮೇಲೂ ಕಾಲು ಕ್ಲಚ್ಚಿನ ಮೇಲೆ ಹೋಗಲಿಲ್ಲ. ನಲವತ್ತು ನಿಮಿಷ.

೬

ಇಲ್ಲಿಗೆ ಮೂರು ಮುಕ್ತಾಯ ಬರೆದೆ.

ಒಂದರಲ್ಲಿ ಅನ್ನಮ್ಮನವರು ಅವನ ತಲೆಯ ಮೇಲೆ ಕೈ ಇಡುತ್ತಾರೆ. ಇನ್ನೊಂದರಲ್ಲಿ ಇಳಿದು, ಹಿಂತಿರುಗಿ ನೋಡದೆ ನಡೆದು ಹೋಗುತ್ತಾರೆ. ಮೂರನೆಯದರಲ್ಲಿ ನಾನು ಆಕಾಶವನ್ನು ವರ್ಣಿಸಿ ತಪ್ಪಿಸಿಕೊಳ್ಳುತ್ತೇನೆ. ಸೀತಾರಾಮಣ್ಣ ಮೂರನ್ನೂ ಕೇಳಿಸಿಕೊಂಡರು.

"ಕ್ಷಮಿಸಿದ್ರು ಅಂತ ಬರೀಬೇಡಿ. ಕ್ಷಮಿಸ್ಲಿಲ್ಲ ಅಂತಲೂ ಬರೀಬೇಡಿ. ನನಗೇ ಗೊತ್ತಿಲ್ಲ, ನಿಮಗೆ ಹೇಗೆ ಗೊತ್ತು?"

ಹಾಗಾದರೆ ಬರೆಯುವುದೇ ಬೇಡವಾ ಎಂದೆ. ಬರೆಯಿರಿ ಎಂದರು. ಗಾಡಿಯ ಮೇಲೆ ತಾವು ಹೊರಿಸಿದ ಸುಳ್ಳು ಎಲ್ಲೋ ಒಂದು ಕಾಗದದಲ್ಲಿ ಹಾಗೇ ಇದೆ, ಅದಕ್ಕೆ ಎದುರಾಗಿ ಇನ್ನೊಂದು ಕಾಗದವಾದರೂ ಇರಲಿ ಎಂದರು. ಆದ್ದರಿಂದ ಆದದ್ದಷ್ಟನ್ನು ಬರೆಯುತ್ತೇನೆ.

ಅನ್ನಮ್ಮನವರು ಅಳಲಿಲ್ಲ. ಬೈಯಲೂ ಇಲ್ಲ. ಸಜಿಗೆ ಎಚ್ಚರ ಇತ್ತಾ ಎಂದು ಕೇಳಿದರು. ಇತ್ತು ಎಂದ.

"ಎಂತ ಹೇಳ್ದ?"

"ಮೊದಲು ಕನ್ನಡದಲ್ಲೇ, ಹೊರಡಣ್ಣ, ಹೊರಡು ಅಂದ. ಎಷ್ಟೋ ಸಲ ಅಂದ. ಆಮೇಲೆ ನಿಮ್ಮ ಭಾಷೆಗೆ ತಿರುಗಿದ. ನನಗೆ ಅರ್ಥ ಆಗ್ಲಿಲ್ಲ."

ಅರ್ಥವಾಗದಿದ್ದರೂ ಒಂದು ಶಬ್ದವನ್ನೂ ಅವನು ಮರೆತಿರಲಿಲ್ಲ. ಅರ್ಥ ಕೇಳಲು ಒಂಬತ್ತು ವರ್ಷದಲ್ಲಿ ನೂರು ಜನ ಸಿಕ್ಕಿದ್ದರು, ಕೇಳುವ ಧೈರ್ಯವಿರಲಿಲ್ಲ. ಈಗ ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಒಂದೊಂದೇ ಶಬ್ದ ಹೇಳಿದ. ಅನ್ನಮ್ಮನವರು ಇನ್ನೊಮ್ಮೆ ಹೇಳಿಸಿದರು. ಒಂದು ಕಡೆ ಉಚ್ಚಾರ ತಿದ್ದಿದರು. ತಿದ್ದಿದ ಹಾಗೇ ಮತ್ತೊಮ್ಮೆ ಹೇಳಿದ. ಅರ್ಥವನ್ನು ಅವರು ಹೇಳಲಿಲ್ಲ. ಗಾಡಿ ತಿರುಗಿಸು ಎಂದರು. ಬರುವಾಗಲೂ ಹಿಂಬದಿಯಲ್ಲೇ ಕೂತು ಬಂದರು.

೭

ಅವನು ಈಗಲೂ ಎರಡನೇ ಭಾನುವಾರ ಹೋಗುತ್ತಾನೆ. ಅಡುಗೆಮನೆಗೆ ಯಾರೂ ಕರೆಯುವುದಿಲ್ಲ. ಹೊರಗೆ ಡ್ರೈವರುಗಳ ಬೆಂಚಿನಲ್ಲಿ ಕೂತು ಉಣ್ಣುತ್ತಾನೆ. ಆದರೆ ಬಡಿಸುವುದು ಮಗಳಲ್ಲ, ಅನ್ನಮ್ಮನವರೇ. ಇದು ಇಳಿದದ್ದೋ ಏರಿದ್ದೋ ನನ್ನನ್ನು ಕೇಳಬೇಡಿ.

ಸಜಿಯ ಆ ಶಬ್ದಗಳನ್ನು ಸೀತಾರಾಮಣ್ಣ ನನಗೂ ಹೇಳಿದ್ದಾರೆ. ಇಲ್ಲಿ ಬರೆಯುವುದಿಲ್ಲ. ನಿಮ್ಮಲ್ಲಿ ಮಲೆಯಾಳ ಬಲ್ಲವರಿರುತ್ತೀರಿ, ಅದು ನಿಮಗೆ ಹೇಳಿದ ಮಾತಲ್ಲ.

ಹೋದ ತಿಂಗಳು ನಾನೂ ಜೊತೆಗೆ ಹೋಗಿದ್ದೆ. ಅನ್ನಮ್ಮನವರು ಮರಗೆಣಸಿನ ಪಾತ್ರೆ ಹಿಡಿದು ಬಂದು, ಇನ್ನೂ ಬೇಕಾ ಎಂದರು. ಕ್ಷಮಿಸಿದಿರಾ ಎಂದು ನಾಲಿಗೆಯ ಮೇಲೆ ಬಂದಿದ್ದ ಪ್ರಶ್ನೆಯನ್ನು ನುಂಗಿಕೊಂಡು, ಸ್ವಲ್ಪ ಹಾಕಿ ಎಂದೆ. ಪಕ್ಕದಲ್ಲಿ ಸೀತಾರಾಮ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನಿಗೆ ಅವರು ಕೇಳದೆಯೇ ಬಡಿಸಿದರು.